ಹಣೆಯಳತೆಯ ಎರಡು ದಾರಗಳು

ಸರ್ರ್ ಎಂದು ಶುರುವಾಗಿ, ನಡುವೆ ಎಲ್ಲೂ ಉಸಿರು ಬಿಡದೆ, ಕೊನೆಗೆ ಟಕ್ ಎಂದು ನಿಲ್ಲುತ್ತಿದ್ದ ಸದ್ದು ಅದು. ಬೆಂಡಿನ ತುಂಡನ್ನು ಎಡಗೈಯಲ್ಲಿ ಉರುಳಿಸುತ್ತ, ಬಲಗೈಯ ಚೂರಿಯನ್ನು ಅದರ ಮೈಗೆ ಒತ್ತಿ ಹಿಡಿದರೆ, ಬಿಳಿಯ ಹಾಳೆಯೊಂದು ಸುರುಳಿ ಬಿಚ್ಚಿಕೊಂಡು ಮಡಿಲಿಗೆ ಇಳಿಯುತ್ತಿತ್ತು. ಸದ್ದು ನಡುವೆ ತುಂಡಾಯಿತೆಂದರೆ ಹಾಳೆ ಹರಿದಿದೆ ಎಂದೇ ಅರ್ಥ. ಗೋಡೆಯ ಈಚೆ ಚಾಪೆಯ ಮೇಲೆ ಮಲಗಿದ್ದ ನನಗೆ ಬೆಳಗಿನ ಅಲಾರಂ ಅದೇ. ಕಣ್ಣು ಬಿಡುವ ಮೊದಲೇ ಎಣಿಸುತ್ತಿದ್ದೆ: ಒಂದು ಇಡೀ ಹಾಳೆ, ಎರಡು ಇಡೀ ಹಾಳೆ, ಮೂರನೆಯದು ಹರಿಯಿತು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಹರಿಯುವ ಹಾಳೆಗಳೇ ಹೆಚ್ಚಾಗಿದ್ದವು. ತಿಮ್ಮಪ್ಪಜ್ಜನ ಕಣ್ಣಿಗೆ ಪೊರೆ ಬಂದಿತ್ತು.

ಸಾಗರದ ಆ ಮನೆ ನಮ್ಮದಲ್ಲ. ಬ್ಯಾಕೋಡಿನ ಕಡೆ ನಮಗೆ ಗದ್ದೆಯಿತ್ತಂತೆ. ಅಣೆಕಟ್ಟಿನಿಂದ ಶರಾವತಿಯ ನೀರು ನಿಂತ ಮೇಲೆ ಅದು ಅಮ್ಮನ ಮಾತಿನಲ್ಲಿ ಮಾತ್ರ ಉಳಿಯಿತು. ಅಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸ ಹಿಡಿದು, ಗುಡಿಗಾರರ ಓಣಿಯಲ್ಲಿ ತಿಮ್ಮಪ್ಪಜ್ಜನ ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ತೆಗೆದುಕೊಂಡ. ರೈಲಿನ ಡಬ್ಬಿಯಂಥ ಉದ್ದನೆಯ ಮನೆ. ಮುಂದಿನ ಜಗುಲಿ ಅಜ್ಜನ ಕೆಲಸದ ಜಾಗ, ನಡುವೆ ಅವನ ದೇವರು ಮತ್ತು ಹಾಸಿಗೆ, ಆಮೇಲೆ ಒಂದು ಹಲಗೆಯ ಗೋಡೆ, ಆಚೆ ನಾವು. ಬಚ್ಚಲು ಒಂದೇ. ಒಲೆ ಎರಡಿದ್ದರೂ ಬೆಂಕಿ ಹೊತ್ತುತ್ತಿದ್ದುದು ನಮ್ಮದರಲ್ಲೇ. ಅಜ್ಜನ ಹೆಂಡತಿ ತೀರಿಕೊಂಡ ಮೇಲೆ ಅವನ ಗಂಜಿಯೂ ಅಮ್ಮನ ಒಲೆಯಲ್ಲೇ ಬೇಯುತ್ತಿತ್ತು, ಅವನು ಮದುವೆಗಳಿಗೆ ಮಾಡುತ್ತಿದ್ದ ಬಾಸಿಂಗಕ್ಕೆ ಬೇಕಾದ ಹುಣಸೆಬೀಜದ ಅಂಟೂ ಅಲ್ಲೇ. ಎರಡಕ್ಕೂ ಬಣ್ಣ ಹೆಚ್ಚುಕಡಿಮೆ ಒಂದೇ. ಒಮ್ಮೆ ಗಿರಣಿಯಿಂದ ಹಸಿದು ಬಂದ ಅಪ್ಪ ಅನ್ನಕ್ಕೆ ಅಂಟು ಬಡಿಸಿಕೊಂಡು ಎರಡು ತುತ್ತು ತಿಂದೂ ಬಿಟ್ಟಿದ್ದ.

"ಎಂತದೇ ಇದು, ಉಪ್ಪಿಲ್ಲ ಹುಳಿಯಿಲ್ಲ!"

"ತಿನ್ನಿ, ತಿನ್ನಿ. ಇನ್ನಾದ್ರೂ ಮನೇಲಿ ಒಂದ್ ಕಡೆ ಅಂಟ್ಕೊಂಡ್ ಕೂತ್ಕತ್ತೀರಿ" ಎಂದಿದ್ದಳು ಅಮ್ಮ.

ಗೋಡೆಯಾಚೆಯಿಂದ ಅಜ್ಜ ಕೆಮ್ಮುತ್ತ ನಕ್ಕದ್ದು ಕೇಳಿಸಿತ್ತು.

ಬಾಸಿಂಗದ ಹೂವು, ಎಸಳು, ಹಕ್ಕಿ ಇವೆಲ್ಲ ಅಜ್ಜನ ಹೆಂಡತಿಯ ಕೈಯವು. ಅಜ್ಜ ಬೆಂಡು ಸೀಳಿ, ಬಿದಿರಿನ ಸೀಳಿನ ಚೌಕಟ್ಟು ಬಾಗಿಸಿ ಕೊಡುತ್ತಿದ್ದ. ಅದರ ಮೇಲೆ ಹೂ ಅರಳಿಸುತ್ತಿದ್ದವಳು ಅವಳು. ಅವಳು ತೀರಿಕೊಂಡ ವರ್ಷ ಮದುವೆಯ ಹಂಗಾಮಿನಲ್ಲಿ ಅಜ್ಜ ಒಬ್ಬನೇ ಕೂತು ತಡಕಾಡುವುದನ್ನು ನೋಡಲಾರದೆ ನಾನು ಒಂದು ಸಂಜೆ ಹೋಗಿ ಎಸಳು ಕತ್ತರಿಸಿಕೊಟ್ಟೆ. ಕಾನ್ವೆಂಟಿನ ನೀಡ್ಲ್‌ವರ್ಕ್ ಕ್ಲಾಸಿನಲ್ಲಿ ಪಳಗಿದ ಬೆರಳು. ಅಜ್ಜ ಎಸಳನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಇನ್ನೊಂದು ಹಾಳೆ ನನ್ನ ಮುಂದಿಟ್ಟ. ಆಗ ನಾನು ಒಂಬತ್ತನೆಯ ಕ್ಲಾಸು.

ಈಗ ತೀರ್ಥಹಳ್ಳಿಯಲ್ಲಿ ನನ್ನ ಜೊತೆಗಿರುವ ತಮ್ಮನ ಮೊಮ್ಮಗಳು ಶಾಲೆಯ ಸ್ಕಿಲ್ ಪ್ರೋಗ್ರಾಂ ಎಂದು ವಾರಕ್ಕೆರಡು ಮಧ್ಯಾಹ್ನ ಬೇಕರಿಯೊಂದಕ್ಕೆ ಟ್ರೈನಿಯಾಗಿ ಹೋಗುತ್ತಾಳೆ. ಮೈದಾ ಮೆತ್ತಿದ ಯೂನಿಫಾರಂನಲ್ಲಿ ಬಂದು, "ಅಜ್ಜಿ, ನಿಮ್ ಕಾಲ್ದಲ್ಲಿ ಇದೆಲ್ಲ ಎಲ್ಲಿತ್ತು?" ಎನ್ನುತ್ತಾಳೆ. ಇತ್ತು ಮಗಳೇ. ಅದಕ್ಕೊಂದು ಪೇಪರ್ ಕೂಡ ಇತ್ತು.

ಆ ಪೇಪರ್ ಬರೆದವರು ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬೆನೆಡಿಕ್ಟಾ. ನಾನು ಫೀಸಿಲ್ಲದೆ ಓದುವ ಫ್ರೀಶಿಪ್‌ನ ಹುಡುಗಿ. ಬೆಳಿಗ್ಗೆಯ ಅಸೆಂಬ್ಲಿಗೆ ಮೂರು ದಿನ ಲೇಟಾದಾಗ ಕರೆಸಿ, ನನ್ನ ಬೆರಳಿನ ತುದಿಯಲ್ಲಿ ಒಣಗಿದ ಅಂಟನ್ನೂ ಚೂರಿಯ ಗೀರನ್ನೂ ನೋಡಿ, ವಿಷಯವೆಲ್ಲ ಹೇಳಿಸಿಕೊಂಡರು. ಬೈಯುತ್ತಾರೆಂದು ಕಾದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಡಸ್ ಹೀ ಪೇ ಯೂ?" ಇಲ್ಲ ಎಂದೆ. ಮರುದಿನ ಅವರೇ ಛತ್ರಿ ಹಿಡಿದು ಬಿಸಿಲಿನಲ್ಲಿ ನಮ್ಮ ಓಣಿಗೆ ಬಂದರು. ಬಿಳಿಯ ಉಡುಪಿನ ಸಿಸ್ಟರ್ ಜಗುಲಿಯ ಮಣೆಯ ಮೇಲೆ, ಬಿಳಿಯ ಬೆಂಡಿನ ರಾಶಿಯ ನಡುವೆ ಕೂತ ಚಿತ್ರ ನನ್ನ ಕಣ್ಣಲ್ಲಿ ಇನ್ನೂ ಇದೆ. ಅವರು ಇಂಗ್ಲಿಷಿನಲ್ಲಿ ಬರೆದುತಂದ ಕಾಗದವನ್ನು ಓದಿದರು, ನಾನು ಕನ್ನಡ ಮಾಡಿದೆ. ಹುಡುಗಿಗೆ ಪ್ರತಿ ಶನಿವಾರ ಸಂಬಳ ಕೊಡಬೇಕು. ಶಾಲೆಯ ಹೊತ್ತಿನಲ್ಲಿ ಕೆಲಸ ಹೇಳಬಾರದು. ಪರೀಕ್ಷೆಯ ದಿನ, ಏನೇ ಆಗಲಿ, ಅವಳು ಚೂರಿ ಮುಟ್ಟಬಾರದು. ಬದಲಿಗೆ ಶಾಲೆ ಈ ಕೆಲಸವನ್ನು ಅವಳ ಕ್ರಾಫ್ಟ್ ಪೀರಿಯಡ್ಡಿಗೆ ಲೆಕ್ಕ ಹಿಡಿಯುತ್ತದೆ.

ಅಮ್ಮನಿಗೆ ಸಂಬಳದ ಮಾತು ಸರಿಬರಲಿಲ್ಲ.

"ಕಲಿಸ್ದೋರ ಹತ್ರ ದುಡ್ಡು ಇಸ್ಕಳದಾ? ನಾವೇ ಕಾಣಿಕೆ ಕೊಡಬೇಕು" ಎಂದಳು.

"ಇಸ್ಕಳ್ಲಿ ಬಿಡೇ" ಎಂದ ಅಜ್ಜ. "ಆ ಅಮ್ಮ ಹೇಳದು ಸರಿ ಇದೆ. ನನ್ನ ಹೆಂಡ್ತಿಗೆ ನಲ್ವತ್ತು ವರ್ಷ ಒಂದ್ ಕಾಸು ಕೊಡ್ಲಿಲ್ಲ ನಾನು. ಕೇಳಕ್ಕೆ ಅವ್ಳಿಗೂ ಒಬ್ಳು ಸಿಸ್ಟರ್ ಇರ್ಲಿಲ್ಲ."

ಆಮೇಲೆ ಅವನು ತನಗೆ ಓದಲು ಬಾರದ ಆ ಇಂಗ್ಲಿಷ್ ಕಾಗದದ ಕೆಳಗೆ ಕನ್ನಡದಲ್ಲಿ ನಿಧಾನವಾಗಿ ತನ್ನ ಹೆಸರು ಬರೆದ. ಅದನ್ನು ಮಡಚಿ ದೇವರ ಪಟದ ಹಿಂದೆ ಇಟ್ಟ. ಮೊದಲ ಶನಿವಾರ ವೀಳ್ಯದೆಲೆಯ ಮೇಲೆ ಇಟ್ಟುಕೊಟ್ಟ ದುಡ್ಡನ್ನು ನಾನು ಅಮ್ಮನಿಗೆ ಕೊಟ್ಟೆ. ಅವಳು ಅದನ್ನು ಹಾಗೇ ಹಿಂದಿರುಗಿಸಿ, "ಒಂದು ಕಂಪಾಸ್ ಬಾಕ್ಸ್ ತಗಾ" ಎಂದಳು. ಅಲ್ಲಿಯವರೆಗೆ ಜಾಮಿಟ್ರಿಗೆ ಪಕ್ಕದ ಹುಡುಗಿಯದನ್ನೇ ಬೇಡುತ್ತಿದ್ದೆ. ಆ ತಗಡಿನ ಡಬ್ಬಿಯೇ ಮುಂದೆ ನನ್ನನ್ನು ಕಾಡಿದ್ದು.

ಬಾಸಿಂಗ ಬೇಕಾದವರು ಸುಮ್ಮನೆ ಬಂದು ಕೊಳ್ಳುವ ಹಾಗಿರಲಿಲ್ಲ. ಅಕ್ಕಿ, ಕಾಯಿ, ವೀಳ್ಯ ಇಟ್ಟು ಅಜ್ಜನನ್ನು ಮದುವೆಗೆ ಕರೆಯಬೇಕು. ಜೊತೆಗೆ ಅರಿಶಿನ ಹಚ್ಚಿದ ಎರಡು ದಾರ. ಹಣೆಯ ಮೇಲೆ, ಒಂದು ಕಿವಿಯ ಬುಡದಿಂದ ಇನ್ನೊಂದು ಕಿವಿಯ ಬುಡಕ್ಕೆ ಹಿಡಿದು ಕತ್ತರಿಸಿದ ಅಳತೆ; ತುದಿಗೆ ಗಂಟು ಇದ್ದದ್ದು ಗಂಡಿನದು, ಗಂಟಿಲ್ಲದ್ದು ಹೆಣ್ಣಿನದು. ಎರಡನ್ನೂ ಅಜ್ಜ ಜಗುಲಿಯ ಮೊಳೆಗೆ ತೂಗುಹಾಕುತ್ತಿದ್ದ. ಬಾಸಿಂಗವನ್ನು ತಲೆಗಿಟ್ಟು ನೋಡುವುದು ಮಹಾಪರಾಧ. ದಾರಕ್ಕೆ ಹಿಡಿದೇ ಅಳೆಯಬೇಕು, ದಾರ ಹೊಸ್ತಿಲು ದಾಟಬಾರದು. ಅಜ್ಜನೇ ಮುಹೂರ್ತದ ಮನೆಗೆ ಒಯ್ದು, ಅಂಟಿನ ಡಬ್ಬಿಯೂ ಒಂದು ತುಂಡು ಬೆಂಡೂ ಜೊತೆಗಿಟ್ಟುಕೊಂಡು ಕಾಯಬೇಕು. ಕಟ್ಟಿ ಮುಗಿದ ಮೇಲೆ ಅವನಿಗೆ ಮರ್ಯಾದೆಯ ವೀಳ್ಯದೆಲೆ.

ಹತ್ತನೆಯ ಕ್ಲಾಸಿನ ಪಬ್ಲಿಕ್ ಪರೀಕ್ಷೆಯೂ ಮದುವೆಯ ಹಂಗಾಮೂ ಒಂದರ ಮೇಲೊಂದು ಬಂದವು. ಹೊಸನಗರದ ದಾರಿಯ ಒಂದು ಊರಿನಿಂದ, ಅಜ್ಜನ ಅಪ್ಪನ ಕಾಲದಿಂದಲೂ ವೀಳ್ಯ ಕೊಡುತ್ತ ಬಂದ ದೊಡ್ಡ ಮನೆಯಿಂದ, ದಾರ ಬಂತು. ಮುಹೂರ್ತ ನನ್ನ ಲೆಕ್ಕದ ಪೇಪರಿನ ದಿನವೇ. ಕೆಲಸ ಎರಡು ದಿನ ಮೊದಲೇ ಮುಗಿದರಾಯಿತು ಎಂದು ಅಜ್ಜ ಒಪ್ಪಿದ. ಆಗ ನಮಗೆ ಶಾಲೆಯಲ್ಲಿ ವೃತ್ತದ ಕಂಸ, ಜ್ಯಾ ಎಲ್ಲ ರಿವಿಜನ್. ಹಣೆ ಎಂದರೆ ಒಂದು ಆರ್ಕ್ ಅಲ್ಲವೇ ಎಂದು ನನಗೆ ಹೊಳೆಯಿತು. ಅದೊಂದು ಹೊಳೆದದ್ದಕ್ಕೆ ಎಷ್ಟು ಜಂಬ! ದಾರವನ್ನು ಇಂಚಿನ ಲೆಕ್ಕಕ್ಕೆ ತಂದು ಡ್ರಾಯಿಂಗ್ ಮಾಡಿಟ್ಟರೆ ಅಜ್ಜ ಮೂಗಿಗೆ ಹಿಡಿದು ಅಳೆಯುವ ಕಷ್ಟವೇ ಇಲ್ಲ. ಯಾರಿಗೂ ಹೇಳದೆ ಎರಡೂ ದಾರಗಳನ್ನು ಕಂಪಾಸ್ ಬಾಕ್ಸಿಗೆ ಹಾಕಿಕೊಂಡು ಹೊಸ್ತಿಲು ದಾಟಿದೆ. ಲಂಚ್ ಅವರ್‌ನಲ್ಲಿ ಸ್ಕೇಲಿನ ಮೇಲೆ ಇಟ್ಟರೆ ಗಂಟು ಅಡ್ಡ ಬಂತು. ಗಂಟಿನ ದಾರವನ್ನು ಹೇಗೋ ಅಳೆದು ಬ್ಲಾಟಿಂಗ್ ಪೇಪರಿನ ಮೂಲೆಯಲ್ಲಿ ಬರೆದುಕೊಂಡೆ. ಸಮಾಧಾನವಾಗದೆ ಗಂಟನ್ನೇ ಬಿಚ್ಚಿ ನೇರ ಮಾಡಿದೆ. ಬೆಲ್ ಹೊಡೆಯಿತು. ಎರಡೂ ದಾರ ಡಬ್ಬಿಯೊಳಗೆ ಹೋದವು.

ಮನೆಗೆ ಬಂದು ತೆಗೆದಾಗ ಒಂದು ಉದ್ದ, ಒಂದು ಗಿಡ್ಡ. ಬ್ಲಾಟಿಂಗ್ ಪೇಪರ್ ನೋಡುವ ಯೋಚನೆಯೂ ಬರಲಿಲ್ಲ. ಇದರಲ್ಲಿ ಕೇಳುವುದೇನಿದೆ, ಉದ್ದದ್ದು ಗಂಡಿನದು ಎಂದುಕೊಂಡು ಅದಕ್ಕೆ ಗಂಟು ಹಾಕಿ ಮೊಳೆಗೆ ತೂಗಿಬಿಟ್ಟೆ. ಗಂಡಸಿನ ಹಣೆಯೇ ದೊಡ್ಡದಿರಬೇಕೆಂದು ನನಗೆ ಯಾರೂ ಪಾಠ ಮಾಡಿರಲಿಲ್ಲ. ಆ ಓಣಿಯಲ್ಲೂ ಯಾರೂ ಹೇಳಿರಲಿಲ್ಲ, ಸಿಸ್ಟರ್ ಅಂತೂ ಹೇಳುವವರೇ ಅಲ್ಲ. ಆದರೂ ನನ್ನ ಕೈಗೆ ಅದು ಗೊತ್ತಿತ್ತು. ಆ ಅಳತೆಗೆ ಬಾಸಿಂಗ ಎರಡೂ ಆದವು. ಹೊಳೆಯುವ ಬೇಗಡೆ ಹಚ್ಚಿ, ಗಿಳಿ ಕೂರಿಸಿ, ಅಷ್ಟು ಚೆನ್ನಾದದ್ದನ್ನು ನಾನು ಹಿಂದೆ ಮಾಡಿರಲಿಲ್ಲ.

ಲೆಕ್ಕದ ಪೇಪರಿನ ಬೆಳಿಗ್ಗೆ ಅಜ್ಜ ಬಿಳಿ ಪಂಚೆ ಉಟ್ಟು, ಬಾಸಿಂಗದ ಬುಟ್ಟಿಗೆ ಬಟ್ಟೆ ಕಟ್ಟುತ್ತಿದ್ದ. ಹೊಸನಗರದ ಮೊದಲ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಹಾಲ್ ಟಿಕೆಟ್, ಪೆನ್ನು ಜೋಡಿಸಿಕೊಂಡು ಕಂಪಾಸ್ ಬಾಕ್ಸ್ ತೆರೆದೆ. ತಳದಲ್ಲಿ ಮಡಚಿದ್ದ ಬ್ಲಾಟಿಂಗ್ ಪೇಪರ್. ನನ್ನದೇ ಅಕ್ಷರದಲ್ಲಿ, ಗಂಟಿನ ದಾರದ ಅಳತೆ. ಅದು ಗಿಡ್ಡ ದಾರದ ಅಳತೆ. ಜಗುಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಜ್ಜ ಬಟ್ಟೆ ಬಿಚ್ಚಿ, ಬಾಸಿಂಗಗಳನ್ನು ಬೆರಳಲ್ಲಿ ಸವರಿ, ಮತ್ತೆ ಕಟ್ಟಿದ.

"ಅಂದ್ರೆ ಗಂಡಿನದು ಕಣ್ಣಿನ ಮೇಲೆ ಜಾರ್ತದೆ. ಹೆಣ್ಣಿಂದು ಹಣೆಗೆ ಸಾಲಲ್ಲ."

ಇಷ್ಟೇ ಅಂದ. ದಾರ ಹೊಸ್ತಿಲು ದಾಟಿಸಿದ್ದರ ಬಗ್ಗೆ ಒಂದು ಮಾತಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದರಿಂದ ಕತ್ತರಿಸಿ ಇನ್ನೊಂದಕ್ಕೆ ಕೂಡಿಸಬೇಕು, ಕೂಡಿಸಿದ ಜಾಗ ಕಾಣದ ಹಾಗೆ ಹೂ ಮುಚ್ಚಬೇಕು. ಅದು ಕಣ್ಣಿದ್ದವರ ಕೆಲಸ.

"ನಾನೂ ಬರ್ತೀನಿ ಅಜ್ಜ."

"ಪರೀಕ್ಷೆ?"

ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಬರ್ಲಿ ಕರ್ಕೊಂಡ್ ಹೋಗಿ. ತಪ್ಪು ಮಾಡಿದ್ದು ಇವಳು. ಅಷ್ಟು ಜನರ ಮುಂದೆ ನೀವ್ಯಾಕೆ ತಲೆ ತಗ್ಗಿಸ್ಬೇಕು? ನಿಮ್ಮಪ್ಪನ ಕಾಲದ ಮನೆ ಅದು."

ಒಂದು ಪೇಪರ್ ತಪ್ಪಿದರೆ ವರ್ಷ ಹೋಯಿತು. ವರ್ಷ ಹೋದರೆ ಫ್ರೀಶಿಪ್ ಹೋಯಿತು. ಆಮೇಲೆ ನಾನು ಪೂರ್ತಿ ಹೊತ್ತು ಬೆಂಡಿನವಳೇ. ಅಮ್ಮನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು.

"ಆ ಅಮ್ಮಂಗೆ ಸೈನ್ ಹಾಕಿ ಕೊಟ್ಟಿದೀನಿ" ಎಂದ ಅಜ್ಜ. "ಪರೀಕ್ಷೆ ದಿವ್ಸ ಚೂರಿ ಮುಟ್ಟಲ್ಲ ಅಂತ."

"ಆ ಕಾಗದ ಯಾರು ನೋಡ್ತಾರೆ ಈಗ!"

"ನೀ ಸುಮ್ನಿರೇ. ಬಾಸಿಂಗ ಒಂದ್ ದಿವ್ಸದ್ದು. ಮದುವೆ ಮುಗಿದ್ಮೇಲೆ ಮಾಡಿಗೆ ಸಿಗಿಸ್ತಾರೆ, ಜಿರಲೆ ತಿಂತಾವೆ. ಹುಡುಗಿ ವರ್ಷಾನ ಜಿರಲೆಗೆ ಹಾಕಕ್ಕಾಗ್ತದಾ?" ಎಂದು ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಟಿನ ಡಬ್ಬಿ ಕೈಗೆತ್ತಿಕೊಂಡ. ಮೆಟ್ಟಿಲಿಳಿಯುವಾಗ ಕಾಲಿನಿಂದ ಮೆಟ್ಟಿಲನ್ನು ಹುಡುಕಿದ್ದನ್ನು ನಾನು ನೋಡಿದೆ. ಅಪ್ಪ, ಇಡೀ ಹೊತ್ತು ಬಾಗಿಲಲ್ಲಿ ನಿಂತಿದ್ದವನು, ಹೋಗಿ ಬುಟ್ಟಿ ಇಸಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟುಬಂದ. ಅವತ್ತು ಗಿರಣಿಗೆ ತಡವಾದದ್ದಕ್ಕೆ ಬೈಸಿಕೊಂಡ.

ನಾನು ಪರೀಕ್ಷೆ ಬರೆದೆ. ಚೆನ್ನಾಗಿಯೇ ಬರೆದೆ ಎನ್ನುವುದು ಇವತ್ತಿಗೂ ನನಗೆ ಹಿತವಾದ ನೆನಪಲ್ಲ. ಕೈ ಲೆಕ್ಕ ಮಾಡುತ್ತಿತ್ತು, ಮನಸ್ಸು ಬಸ್ಸಿನಲ್ಲಿತ್ತು. ಜಾಮಿಟ್ರಿಯ ಪ್ರಶ್ನೆಗೆ ಕೈವಾರ ತೆಗೆಯಲು ಡಬ್ಬಿ ತೆರೆದಾಗ ಅರಿಶಿನದ ವಾಸನೆ ಬಂತು. ಸಂಜೆ ಅಜ್ಜ ಬಂದಾಗ ಎಡಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ.

"ಎಂತಾಯ್ತು ಅಜ್ಜ?"

"ಕೂತ್ಕಂತು" ಎಂದ. "ಊಟಕ್ಕೆ ಹೋಳಿಗೆ ಮಾಡಿದ್ರು. ನಿಂದು?"

"ಬರ್ದೆ."

"ಮತ್ತೆ? ಎರಡೂ ಆಯ್ತಲ್ಲ."

ನಾನು ನಂಬಿದೆ. ನಂಬುವುದು ನನಗೆ ಬೇಕಾಗಿತ್ತು. ಮುಂದಿನ ವರ್ಷ ಹೊಸನಗರದ ಕಡೆಯ ದಾರಗಳು ಮೊಳೆಗೆ ಬರಲಿಲ್ಲ. ಅಜ್ಜನ ಕಣ್ಣಿನ ಸುದ್ದಿ ಹರಡಿದೆ, ಅದಕ್ಕೇ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ನಾನು ಟೀಚರ್ಸ್ ಟ್ರೈನಿಂಗಿಗೆ ಶಿವಮೊಗ್ಗದ ಹಾಸ್ಟೆಲ್ ಸೇರಿದ್ದೆ. ಅಪ್ಪ ಗಿರಣಿಯ ಹತ್ತಿರದ ಮನೆಗೆ ಬದಲಾಯಿಸಿದ.

ಎಷ್ಟೋ ವರ್ಷಗಳ ಮೇಲೆ ಹೊಸನಗರದ ಶಾಲೆಯೊಂದರಲ್ಲಿ ಲೆಕ್ಕದ ಟೀಚರ್ ಆಗಿದ್ದಾಗ, ಒಬ್ಬ ಹುಡುಗಿಯ ತಾಯಿ ಪ್ರೋಗ್ರೆಸ್ ಕಾರ್ಡಿಗೆ ಸೈನ್ ಹಾಕಲು ಬಂದಳು. ಸರೋಜ ಎಂದು ಹೆಸರು. ಅಗಲವಾದ ಹಣೆ, ಅದರ ನಡುವೆ ರೂಪಾಯಿಯಗಲದ ಕುಂಕುಮ. ಮಾತಿಗೆ ಮಾತು ಬಂದು, ನಾನು ಸಾಗರದ ಗುಡಿಗಾರರ ಓಣಿಯವಳು ಎಂದೆ. ಅವಳು ನಕ್ಕಳು.

"ಅಲ್ಲಿಂದ ಬಂದ ಅಜ್ಜ ಒಬ್ರು ನನ್ನ ಮದುವೇಲಿ ಎಂತ ಪಾಡು ಪಟ್ರು ಗೊತ್ತಾ ಟೀಚರೇ? ಬಾಸಿಂಗದ ಅಳತೆನೇ ತಪ್ಪಿಹೋಗಿತ್ತು. ಅಂಗಳದಲ್ಲಿ ಕೂತು ಸರಿ ಮಾಡಕ್ಕೆ ಹೋಗಿ ಬೆರಳು ಕುಯ್ಕಂಡ್ರು. ಕಣ್ಣು ಕಾಣ್ತಿರ್ಲಿಲ್ಲ ಪಾಪ. ಬೆಂಡಿನ ಮೇಲೆಲ್ಲ ರಕ್ತ. ನಮ್ಮ ದೊಡ್ಡಪ್ಪ ಬೈದದ್ದು ಬೈದದ್ದೇ. ಹೆಂಗಸ್ರು ಅಪಶಕುನ ಅಂತ ಯಾರೂ ಮುಟ್ಟಲ್ಲ. ಆಮೇಲೆ ನಾನೇ ಹೋಗಿ ಕೂತೆ."

"ನೀವಾ? ಮದುಮಗಳು?"

"ಮತ್ತೆ ಇನ್ನ್ಯಾರು? ಅವ್ರು ಹೇಳ್ಕೊಟ್ರು, ನಾನು ಎಸಳು ಕತ್ತರಿಸ್ದೆ. ಗಂಡಿಂದ್ರಲ್ಲಿ ತೆಗೆದಿದ್ದನ್ನ ನಂದಕ್ಕೆ ಕೂಡಿಸಿ ಮುಚ್ಚಿದ್ವಿ. ಮುಹೂರ್ತಕ್ಕೆ ಮೊದ್ಲು ಹೆಣ್ಣು ಬಾಸಿಂಗ ನೋಡ್ಬಾರ್ದಂತೆ, ನಾನು ಮಾಡೇ ಬಿಟ್ಟೆ! ದೊಡ್ಡಪ್ಪ ಆಮೇಲೆ ಆ ಅಜ್ಜಂಗೆ ಎಲೆ ಕೊಡ್ಲಿಲ್ಲ, ಊಟಕ್ಕೂ ಏಳ್ಸ್ಲಿಲ್ಲ. ಆ ಕಡೆಯವ್ರನ್ನ ಮತ್ತೆ ಕರೀಲೂ ಇಲ್ಲ." ಸ್ವಲ್ಪ ಹೊತ್ತು ಮಗಳ ಕಾರ್ಡನ್ನು ನೋಡಿದಳು. "ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋಳು. ಎಸಳು ಕತ್ತರಿಸ್ತಾ ಕೇಳ್ದೆ, ಇಷ್ಟು ಚಂದದ ಹೂವು ಮೊದ್ಲು ಮಾಡಿದ್ದು ಯಾರು ಅಂತ. ಅಷ್ಟು ಬೈಸ್ಕೊಂಡ್ ಕೂತಿದ್ದ ಮನುಷ್ಯ ನಗ್ತಾ ಅಂದ್ರು, ನಮ್ಮನೆ ಹುಡುಗಿ, ಇವತ್ತು ಲೆಕ್ಕದ ಪರೀಕ್ಷೆ ಬರೀತಿದಾಳೆ ಅಂತ."

ಆ ಹುಡುಗಿ ನಾನೇ ಎಂದು ಹೇಳದೆ ಸೈನ್ ಹಾಕುವ ಜಾಗ ತೋರಿಸಿದೆ. ಹೋಳಿಗೆಯ ಊಟ ಎಂದಿದ್ದನಲ್ಲ ಅಜ್ಜ, ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆ ಭಾನುವಾರವೇ ಸಾಗರಕ್ಕೆ ಹೋದೆ. ಹಲಗೆಯ ಗೋಡೆ ತೆಗೆದುಹಾಕಿದ್ದರು. ಅಜ್ಜನ ಅಣ್ಣನ ಮೊಮ್ಮಕ್ಕಳು ಆ ಕಡೆ ಗಂಧದ ಕೆತ್ತನೆ ಮಾಡುತ್ತಿದ್ದರು. ಅಜ್ಜ ಜಗುಲಿಯ ಅದೇ ಮೂಲೆಯಲ್ಲಿ, ತೀರ ಸಣ್ಣವನಾಗಿ ಕೂತಿದ್ದ. ಕಣ್ಣು ಪೂರ್ತಿ ಹೋಗಿತ್ತು. ನನ್ನ ಧ್ವನಿ ಕೇಳಿ, "ಸುಶೀಲನಾ?" ಎಂದು ಕೈ ಚಾಚಿದ. ಹತ್ತಿರ ಕೂತೆ. ಹೆಬ್ಬೆರಳಿನ ಬುಡದಲ್ಲಿ ಹಳೆಯ ಗಾಯದ ಗೆರೆ ಇತ್ತು. ಹೊಸನಗರದ ಸರೋಜ ಸಿಕ್ಕಿದ್ದಳು ಎಂದೆ. ನಾನು ಅಳುತ್ತಿದ್ದೆ.

"ಯಾಕೆ ಹೇಳ್ಲಿಲ್ಲ ಅಜ್ಜ ಅವತ್ತು?"

"ಎಂತ ಹೇಳದು ಮಾರಾಯ್ತಿ? ಮಾರನೆ ದಿವ್ಸ ನಿಂಗೆ ಸೈನ್ಸ್ ಪೇಪರ್ ಇತ್ತಲ್ಲ."

ಆಮೇಲೆ ಅವನ ಬೆರಳುಗಳು ನನ್ನ ಒಂದು ಕಿವಿಯ ಬುಡದಿಂದ ಶುರುವಾಗಿ ಹಣೆಯ ಮೇಲೆ ಮೆಲ್ಲಗೆ ನಡೆದು ಇನ್ನೊಂದು ಕಿವಿಯ ಬುಡಕ್ಕೆ ಬಂದು ನಿಂತವು. ನಾನು ಮದುವೆಯಾಗಿರಲಿಲ್ಲ. ಆಗುವುದೂ ಇಲ್ಲವೆಂದು ಆಗಲೇ ಗೊತ್ತಿತ್ತು. ಅವನು ಅದರ ಮಾತು ಎತ್ತಲಿಲ್ಲ.

"ನಿಂದೂ ಉದ್ದದ ದಾರನೇ ಬೇಕಾಗ್ತಿತ್ತು ನೋಡು" ಎಂದ. ಆಮೇಲೆ, "ಹೊರಡು, ಬಸ್ಸು ತಪ್ತದೆ. ನಾಳೆ ಮಕ್ಕಳು ಕಾಯ್ತಾವೆ."

ಮೆಟ್ಟಿಲಿಳಿದು ಓಣಿಗೆ ಬಂದಿದ್ದೆ. ಹಿಂದಿನಿಂದ ಆ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಅಜ್ಜ ಬೆಂಡನ್ನು ಉರುಳಿಸುತ್ತಿದ್ದ, ಹಾಳೆ ಮಡಿಲಿಗೆ ಇಳಿಯುತ್ತಿತ್ತು. ಎಲ್ಲೂ ತುಂಡಾಗಲಿಲ್ಲ. ಟಕ್ ಎಂದು ನಿಂತ ಮೇಲೆ ಅವನು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಳೆಯ ಅಭ್ಯಾಸದಂತೆ, ಹರಿದಿದೆಯೋ ಎಂದು ನೋಡಲು ಬೆಳಕಿಗೆ ಎತ್ತಿದ. ಆ ಬಿಳಿಯ ಹಾಳೆ ಅವನ ಮುಖವನ್ನು ಪೂರ್ತಿ ಮುಚ್ಚಿತ್ತು.